ಅಪ್‌ಡೇಟ್: ತಾತನ ವಾಲ್ಥರ್ ಪಿಪಿ ಸರಿಹೋಯ್ತು

ಹತ್ತು ದಿನದ ಹಿಂದೆ ಇಲ್ಲೇ ನಿಮ್ಮನ್ನೆಲ್ಲ ಕೇಳಿದ್ದೆ: ತಾತನಿಂದ ಬಂದು ಈಗ ನನ್ನ ಲೈಸೆನ್ಸ್‌ನಲ್ಲಿರೋ .32 ವಾಲ್ಥರ್ ಪಿಪಿ ಪಿಸ್ತೂಲು, ಶೂಟಿಂಗ್ ರೇಂಜಿನಲ್ಲಿ ಎರಡು ಮೂರು ಗುಂಡಿಗೊಮ್ಮೆ ಸಿಕ್ಕಿಹಾಕಿಕೊಳ್ಳುತ್ತೆ, ಏನು ಮಾಡಲಿ ಅಂತ.

ನಿಮ್ಮಲ್ಲಿ ಕೆಲವರು ಎಣ್ಣೆ ಜಾಸ್ತಿ ಹಾಕಿ ಅಂದಿದ್ದಿರಿ. ಹಾಕಿದೆ, ಇನ್ನೂ ಕೆಟ್ಟಿತು. ನಮ್ಮ ಬಳ್ಳಾರಿಯ ಕೆಂಪು ಧೂಳು ಗೊತ್ತಲ್ಲ, ಎಣ್ಣೆ ಜೊತೆ ಸೇರಿ ಸ್ಲೈಡಿನ (ಗುಂಡು ಹಾರಿದಾಗ ಹಿಂದೆ ಮುಂದೆ ಜಾರೋ ಮೇಲ್ಭಾಗ) ತೋಡಿನಲ್ಲಿ ಕೆಸರಾಗಿ ಕೂತಿತ್ತು. ಒರೆಸಿ, ತೆಳ್ಳಗೆ ಸವರಿದರೆ ಸಾಕು. ಸ್ಪ್ರಿಂಗ್ ಬದಲಿಸಿ ಅನ್ನೋ ಸಲಹೆಯೂ ಬೇಕಾಗಲಿಲ್ಲ. ಲೈಸೆನ್ಸ್ ಇರೋ ರಿಪೇರಿಯವರು ನೋಡಿ ಚೆನ್ನಾಗಿದೆ ಅಂದರು.

ಕೆಲಸ ಮಾಡಿದ್ದು ರಾಯಚೂರಿನ ಅಣ್ಣ ಹೇಳಿದ್ದು: "ಮ್ಯಾಗಜೀನ್ ತುಂಬೋ ರೀತಿ ನೋಡ್ರಿ." ಮ್ಯಾಗಜೀನ್ ಅಂದ್ರೆ ಗುಂಡು ಜೋಡಿಸೋ ಡಬ್ಬಿ. .32 ಗುಂಡಿನ ಹಿಂದಿನ ಅಂಚು ಮೈಗಿಂತ ಕೂದಲೆಳೆಯಷ್ಟು ಅಗಲ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಕೊಕ್ಕೆ ಹಾಕಿಕೊಳ್ಳುತ್ತವೆ, ಮುಂದಕ್ಕೆ ಜಾರೋದೇ ಇಲ್ಲ. ನಾನು ಅವಸರದಲ್ಲಿ ತುಂಬುತ್ತಿದ್ದೆ. ಈಗ ಒಂದೊಂದನ್ನೂ, ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದಿರೋ ಹಾಗೆ ಕೂರಿಸ್ತೀನಿ. ಭಾನುವಾರ ಐದು ಮ್ಯಾಗಜೀನ್, ನಲವತ್ತು ಗುಂಡು, ಒಂದೂ ನಿಲ್ಲಲಿಲ್ಲ. ಅಣ್ಣಾ, ನಿಮಗೆ ದೊಡ್ಡ ನಮಸ್ಕಾರ.

ನನಗೆ ಗೊತ್ತೇ ಇರದ ವಿಷಯ: ಈ ಗುಂಡು ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು, ಪಿಪಿ ಬಂದಿದ್ದು 1929ರಲ್ಲಿ. ಇದರ ನಳಿಗೆ ಫ್ರೇಮಿಗೇ, ಅಂದ್ರೆ ಹಿಡಿಕೆ ಇರೋ ಚೌಕಟ್ಟಿಗೇ, ಭದ್ರವಾಗಿ ಕೂತಿರುತ್ತೆ, ಗುಂಡು ಹಾರಿದಾಗ ಅಲುಗಲ್ಲ. ಅದಕ್ಕೇ ಇಷ್ಟು ಪುಟ್ಟ ಪಿಸ್ತೂಲು ಹೇಳಿದ ಕಡೆ ಹೊಡೆಯುತ್ತೆ. ಮೊದಲ ಸಲ ಟ್ರಿಗರ್ ಎಳೆಯೋದು ಮಾತ್ರ ಗಟ್ಟಿ, ಆಮೇಲೆ ಬೆಣ್ಣೆ. ಹೆಬ್ಬೆರಳ ಬುಡ ಮೇಲಕ್ಕೆ ಹೋದರೆ ಸ್ಲೈಡ್ ಕಚ್ಚುತ್ತೆ, ಹುಷಾರು.

ಮಾರೋ ಮಾತು ಬಿಟ್ಟಿದೀನಿ.