ಹೊಸ ಸ್ವಿಚ್ ಹಾಕಿದ ಮೇಲೆ ಆನ್ ಒತ್ತಿದರೆ ಫ್ಯೂಸ್ ಹೋಗುತ್ತಿದೆ

ಗಾನಪ್ರಿಯ: ಆಂಪ್ಲಿಫೈಯರ್‌ನ ಪವರ್ ಸ್ವಿಚ್ ಸಿಕ್ಕಿಕೊಂಡಿತ್ತು. ಕಿತ್ತು ಹೊಸದು ಹಾಕಿದೆ. ಈಗ ಆನ್ ಒತ್ತಿದರೆ ಫ್ಯೂಸ್ ಢಂ. ಮೂರು ಹೋದವು. ವೈರಿಂಗ್ ಸರಿಯಾಗಿಯೇ ಇದೆ, ಅದೊಂದು ಕೇಳಬೇಡಿ, ತಲೆ ಕೆಟ್ಟಿದೆ.

ಟೊರಾಯ್ಡ್‌ಮಿತ್ರ: ಇನ್‌ರಶ್ ಕರೆಂಟ್. ಆನ್ ಆದ ಕ್ಷಣ ಟ್ರಾನ್ಸ್‌ಫಾರ್ಮರ್ ಸಿಕ್ಕಾಪಟ್ಟೆ ಎಳೆಯುತ್ತದೆ. ಫ್ಯೂಸ್ ಮೇಲೆ ‘ಟಿ’ ಅಂತ ಇರಬೇಕು, ಅದು ಕ್ಷಣದ ಏರಿಕೆ ತಡೆಯುತ್ತದೆ; ‘ಎಫ್’ ಆದರೆ ಬೇಗ ಹೋಗುತ್ತದೆ.

ಗಾನಪ್ರಿಯ: ಟಿ ಅಂತಲೇ ಇದೆ ಸರ್.

ಟೊರಾಯ್ಡ್‌ಮಿತ್ರ: ಹಾಗಾದರೆ ಎನ್‌ಟಿಸಿ ಹಾಕಿ, ಆನ್ ಆದ ಕ್ಷಣದ ಕರೆಂಟನ್ನು ತಡೆಯುವ ರೆಸಿಸ್ಟರ್ ಅದು. ನನ್ನದರಲ್ಲಿ 500 ವಿಎ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಎರಡಿವೆ, ಸಾಫ್ಟ್ ಸ್ಟಾರ್ಟ್ ಬೋರ್ಡ್ ನಾನೇ ಮಾಡಿದ್ದು, ಆನ್ ಮಾಡಿದರೆ ಮನೆಯ ಲೈಟು ಮಿಣುಕುವುದೂ ಇಲ್ಲ.

ಕಿಡಿ: ಹಳೇ ಸ್ವಿಚ್ಚಿಗೆ ಅಡ್ಡಲಾಗಿ ಕೆಪಾಸಿಟರ್ ಇತ್ತಾ? ಸುಟ್ಟಿದ್ದರೆ ಎಕ್ಸ್2 ಮಾತ್ರ ಹಾಕಿ, ಮೇನ್ಸ್ ಕರೆಂಟಿಗೆಂದೇ ಮಾಡಿದ ಸುರಕ್ಷಿತ ಬಗೆ ಅದು.

ಟೊರಾಯ್ಡ್‌ಮಿತ್ರ: 400 ವೋಲ್ಟಿನ ಮಾಮೂಲಿ ಪಾಲಿಯೆಸ್ಟರ್ ಸಾಕು, ನಾನು ವರ್ಷಗಟ್ಟಲೆ ಹಾಕಿದ್ದೇನೆ.

ಕಿಡಿ: ಆ 400 ಡಿಸಿ ಲೆಕ್ಕ ಗುರುವೇ. 230 ಎಸಿಯ ಪೀಕೇ 325, ಅದರ ಮೇಲೆ ಸ್ಪೈಕ್ ಬೇರೆ. ನಿಮ್ಮದು ಸುಟ್ಟಿಲ್ಲ ಅಂದರೆ ಅದೃಷ್ಟ ಅಷ್ಟೇ.

ಹಳೇರೇಡಿಯೊ: ಜಗಳ ಆಮೇಲೆ. ಹೋದ ಫ್ಯೂಸಿನ ಗಾಜು ಹೇಗಿದೆ? ಸ್ವಿಚ್ಚಿಗೆ ಎಷ್ಟು ಪಿನ್?

ಗಾನಪ್ರಿಯ: ಗಾಜು ಪೂರ್ತಿ ಕಪ್ಪು. ನಾಲ್ಕು ಪಿನ್, ಹಳೆಯದಕ್ಕೂ ನಾಲ್ಕೇ. ಕಂಪನಿ ಮಾತ್ರ ಬೇರೆ. ಯಾವ ವೈರು ಎಲ್ಲಿತ್ತೋ ಅಲ್ಲೇ ಹಾಕಿದ್ದೇನೆ.

ಹಳೇರೇಡಿಯೊ: ಇದನ್ನು ಮೊದಲೇ ಹೇಳಬಾರದಾ! ಗಾಜು ಹಾಗೆ ಕಪ್ಪಾದರೆ ನೇರ ಶಾರ್ಟ್, ಇನ್‌ರಶ್ ಅಲ್ಲ. ಡಬಲ್ ಪೋಲ್ ಸ್ವಿಚ್ಚಲ್ಲಿ, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಸ್ವಿಚ್ಚಲ್ಲಿ, ಯಾವ ಪಿನ್ನಿಗೆ ಯಾವುದು ಜೋಡಿ ಅನ್ನುವುದು ಎಲ್ಲದರಲ್ಲೂ ಒಂದೇ ಇರುವುದಿಲ್ಲ. ನಿಮ್ಮದರಲ್ಲಿ ಫೇಸು, ನ್ಯೂಟ್ರಲ್ಲು ಒಂದೇ ಜೋಡಿಗೆ ಬಿದ್ದಿವೆ. ಗೋಡೆಯಿಂದ ಪ್ಲಗ್ಗನ್ನೇ ಕೀಳಿ, ಸುಮ್ನೆ ಆಫ್ ಮಾಡಿದರೆ ಸಾಲದು. ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇಳಿದಿದೆಯಾ ಅಂತ ಮೀಟರಲ್ಲಿ ನೋಡಿ. ಆಮೇಲೆ ನಾಲ್ಕೂ ವೈರು ಬಿಚ್ಚಿ, ಸ್ವಿಚ್ ಆನ್ ಮಾಡಿ, ಮೀಟರನ್ನು ಕಂಟಿನ್ಯುಯಿಟಿಗಿಟ್ಟು ಯಾವ ಪಿನ್ನಿಗೆ ಯಾವುದು ಬೀಪ್ ಅನ್ನುತ್ತದೆ ಗುರುತು ಹಾಕಿ. ಒಂದು ಜೋಡಿಗೆ ಫೇಸ್ ಒಳಗೆ-ಹೊರಗೆ, ಇನ್ನೊಂದಕ್ಕೆ ನ್ಯೂಟ್ರಲ್. ಅರ್ಥ್ ಸ್ವಿಚ್ಚಿಗೆ ಹೋಗಲೇಬಾರದು. ಮೊದಲ ಸಲ ಹಳೇ ಕಾಲದ 100 ವ್ಯಾಟ್ ಫಿಲಮೆಂಟ್ ಬಲ್ಬನ್ನು ಸೀರೀಸಲ್ಲಿ ಹಾಕಿ ಆನ್ ಮಾಡಿ, ಶಾರ್ಟ್ ಇನ್ನೂ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತಲೇ ಇರುತ್ತದೆ, ಫ್ಯೂಸ್ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಆಗದು.

ಗಾನಪ್ರಿಯ: ಬೀಪ್ ಅಡ್ಡಡ್ಡ ಬಂತು ಸರ್, ಹಳೆಯದರಲ್ಲಿ ಮೇಲೆ-ಕೆಳಗೆ! ವೈರು ಬದಲಿಸಿದೆ, ಬಲ್ಬ್ ಒಮ್ಮೆ ಝಗ್ ಅಂದು ಮಂಕಾಯಿತು. ಈಗ ಬಲ್ಬ್ ತೆಗೆದು ಹಾಡು ಕೇಳುತ್ತಿದ್ದೇನೆ.

ಟೊರಾಯ್ಡ್‌ಮಿತ್ರ: ಆದರೂ ಎನ್‌ಟಿಸಿ ಹಾಕಿಬಿಡಿ. ನನ್ನ ಬೋರ್ಡಿನ ಫೋಟೊ ಹಾಕಲಾ?