ಬಾಡಿಗೆ ಮನೆಗೂ ಕೌನ್ಸಿಲ್ ಟ್ಯಾಕ್ಸ್ ನಾನೇ ಕಟ್ಟಬೇಕಾ? ಈ ಬ್ಯಾಂಡ್ ಹಾಕೋದು ಯಾರು?

ಹಾಸನದ ಹುಡುಗ:
ನಾಲ್ಕು ತಿಂಗಳ ಹಿಂದೆ ಇಂಗ್ಲೆಂಡಿಗೆ ಬಂದೆವು, ಬಾಡಿಗೆ ಮನೆ. ಊರಲ್ಲಿ ಮನೆ ಕಂದಾಯ ಅಂದ್ರೆ ಓನರ್ ತಲೆನೋವು, ಇಲ್ಲಿ ಬಿಲ್ ನನ್ನ ಹೆಸರಿಗೇ ಬಂದಿದೆ! ಮನೆಗಳಿಗೆ ಬೆಲೆ ನೋಡಿ ಎಯಿಂದ ಎಚ್‌ವರೆಗೆ ಬ್ಯಾಂಡ್, ಅಂದ್ರೆ ದರ್ಜೆ, ಹಾಕ್ತಾರಂತೆ, ನಮ್ಮದು ಡಿ. ಪಕ್ಕದ್ದು ಬೀದಿಯಿಂದ ನೋಡಿದರೆ ನಮ್ಮ ಮನೆಯ ತದ್ರೂಪು, ಅದು ಸಿ. ಕೌನ್ಸಿಲ್‌ಗೆ, ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಫೋನ್ ಮಾಡಿದರೆ ಬ್ಯಾಂಡ್ ಹಾಕೋದು ನಾವಲ್ಲ ಅಂದರು. ಮತ್ಯಾರು?

ಹಳೇ ಬಾಡಿಗೆದಾರ:
ಹೌದು, ಇಲ್ಲಿ ಮನೆಯಲ್ಲಿ ವಾಸ ಇರುವವರೇ ಕಟ್ಟಬೇಕು. ಬ್ಯಾಂಡ್ ಹಾಕೋದು ಸರ್ಕಾರದ ತೆರಿಗೆ ಇಲಾಖೆಯ ವ್ಯಾಲ್ಯುಯೇಷನ್ ಆಫೀಸ್, ಅಂದ್ರೆ ಆಸ್ತಿಗಳ ಬೆಲೆ ಕಟ್ಟುವ ಕಚೇರಿ, ವಿಓಎ ಅಂತಾರೆ. ದರ ಎಷ್ಟು ಅನ್ನೋದು ಮಾತ್ರ ಕೌನ್ಸಿಲ್ ಕೈಲಿದೆ. ತಮಾಷೆ ಏನು ಗೊತ್ತಾ, ಅವರು ನೋಡೋದು ಇವತ್ತಿನ ಬೆಲೆಯಲ್ಲ, 1991ರ ಏಪ್ರಿಲ್ 1ರಂದು ಈ ಮನೆ ಎಷ್ಟಕ್ಕೆ ಹೋಗುತ್ತಿತ್ತು ಅಂತ. ಹೋದ ವರ್ಷ ಕಟ್ಟಿದ ಮನೆಗೂ ಇದೇ ಲೆಕ್ಕ! ವೇಲ್ಸ್‌ನವರು 2003ರ ಬೆಲೆಗೆ ಬಂದಾಯಿತು, ಇಂಗ್ಲೆಂಡ್ ಮಾತ್ರ ಇನ್ನೂ ಅಲ್ಲೇ ಇದೆ. ಆಗಿನ 52 ಸಾವಿರ ಪೌಂಡ್ ದಾಟಿದರೆ ಸಿ, 68 ದಾಟಿದರೆ ಡಿ, 88 ದಾಟಿದರೆ ಇ. ಡಿ ಮನೆ 9 ಪಾಲು ಕಟ್ಟಿದರೆ ಸಿ 8, ಎ 6. ಎಚ್‌ಗೆ 18, ಅಂದರೆ ಬಂಗಲೆಯವನೂ ನಿಮ್ಮ ಎರಡರಷ್ಟು ಕಟ್ಟಿ ಕೈತೊಳೆದುಕೊಳ್ಳುತ್ತಾನೆ. ನನಗಂತೂ ಇದು ಸರಿ ಕಾಣಲ್ಲ.

ಮೈಸೂರು ಮೇಡಂ:
ಮನೆಗೆ ಬಂದು ಆರು ತಿಂಗಳೊಳಗೆ ವಿಓಎಗೆ ತಕರಾರು ಹಾಕಬಹುದು, ಬಾಡಿಗೆದಾರರೂ ಹಾಕಬಹುದು. ಆದರೆ ಸುಮ್ನೆ ಹಾಕಬೇಡಿ, ತಪ್ಪು ಪಕ್ಕದವರದ್ದೇ ಅಂತಾದರೆ ಅವರದ್ದು ಮೇಲೆ ಹೋಗುತ್ತದೆ, ಆಮೇಲೆ ಬೇಲಿ ಮೇಲಿನ ಮಾತುಕತೆ ಬಂದ್! ಮೊದಲು ಹಿತ್ತಲ ಕಡೆ ಹೋಗಿ ನೋಡಿ. ಯಾರಾದರೂ ಮನೆ ಹಿಗ್ಗಿಸಿದರೆ ಬ್ಯಾಂಡ್ ಆಗಲೇ ಏರಲ್ಲ, ಆ ಮನೆ ಮಾರಾಟ ಆದಾಗ ಏರುತ್ತದೆ. ಅಂದ ಹಾಗೆ, ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಶೇ. 25 ಕಡಿತ ಇದೆ, ವೀಸಾದವರೂ ಕೇಳಬಹುದು.

ಕುಂದಾಪುರ ಕಡೆಯವ:
ಬಾಡಿಗೆ ಸಹಾಯಧನದ ಮಿತಿ ಇದೆಯಲ್ಲ, ಲೋಕಲ್ ಹೌಸಿಂಗ್ ಅಲವೆನ್ಸ್, ಅದರ ಲೆಕ್ಕವೂ ವಿಓಎಯ ರೆಂಟ್ ಆಫೀಸರ್‌ಗಳದ್ದೇ. ಆಯಾ ಕಡೆ ನಿಜವಾಗಿ ಕೊಡುತ್ತಿರುವ ಬಾಡಿಗೆಗಳನ್ನು ಓನರ್, ಏಜೆಂಟರ ಹತ್ತಿರ ಕೇಳಿ ಕಮ್ಮಿಯಿಂದ ಜಾಸ್ತಿಗೆ ಜೋಡಿಸುತ್ತಾರೆ, ನೂರರಲ್ಲಿ ಮೂವತ್ತನೆಯದು ಎಷ್ಟೋ ಅದೇ ಅಳತೆ. ಹೇಳೋಕೆ ಚೆನ್ನಾಗಿದೆ, ಆದರೆ 2020ರಿಂದ ನಾಲ್ಕು ವರ್ಷ ಸರ್ಕಾರ ಅದನ್ನು ಅಲ್ಲೇ ನಿಲ್ಲಿಸಿತ್ತು, ಬಾಡಿಗೆ ನಿಲ್ಲುತ್ತದಾ? 2024ರಲ್ಲಿ ಏರಿಸಿ, ಮರುವರ್ಷ ಮತ್ತೆ ನಿಲ್ಲಿಸಿದರು. ನಮ್ಮಂಥ ವರ್ಕ್ ವೀಸಾದವರಿಗೆ ಇದು ಸಿಗಲ್ಲ ಬಿಡಿ.

ಹಾಸನದ ಹುಡುಗ:
ಮೇಡಂ, ಹಿತ್ತಲಿಗೆ ಹೋಗಿ ನೋಡಿದೆ. ನಮ್ಮ ಅಡುಗೆಮನೆ ಪಕ್ಕದವರಿಗಿಂತ ಮೂರು ಮೀಟರ್ ಆಚೆಗೆ ಬಂದಿದೆ. ತೆಪ್ಪಗೆ ಬಿಲ್ ಕಟ್ಟಿದೆ.