ನಮ್ಮ ನಂತರ ಇವರಿಗೆ ಯಾರು? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬಾಗಲಕೋಟೆ, ವಿಜಯಪುರದ ಪಾಲಕರೇ, ವಿಶೇಷ ಅಗತ್ಯವಿರುವವರಿಗೆ ಆಸರೆ ಬಳಗ ಕಟ್ಟಿಕೊಡುವ ಮೇಡಂ ಇವತ್ತು ಗ್ರೂಪಿನಲ್ಲಿದ್ದಾರೆ. ಕೇಳಿ.

ಮುಧೋಳ: ನಮಸ್ಕಾರ ಮೇಡಂ. ಬಳಗ ಅಂದ್ರೆ ಏನ್ರೀ, ಚಂದಾ ಎತ್ತೋದಾ?

ಮೇಡಂ: ನಮಸ್ಕಾರ. ಚಂದಾ ಅಲ್ಲ. ನಿಮ್ಮ ಮಗ ಅಂದರೆ ಇಷ್ಟಪಡುವ ನಾಲ್ಕೈದು ಜನ, ಸಂಬಳಕ್ಕೆ ಬರುವವರಲ್ಲ. ಕೆನಡಾದಲ್ಲಿ 1989ರಲ್ಲಿ ಪಾಲಕರೇ ಸೇರಿ ಪ್ಲ್ಯಾನ್ ಎಂಬ ಸಂಸ್ಥೆ ಕಟ್ಟಿ ಇದನ್ನು ಮಾಡಿದರು. ಬಳಗ ಕೂಡಿಸಲು, ಅದು ಚದುರದಂತೆ ನೋಡಿಕೊಳ್ಳಲು ಒಬ್ಬರು ಬೇಕು. ನನ್ನದು ಆ ಕೆಲಸ.

ಜಮಖಂಡಿ: ಯುಡಿಐಡಿ ಕಾರ್ಡ್, ಅದೇ ಅಂಗವಿಕಲರ ಗುರುತಿನ ಚೀಟಿ, ಮಾಡಿಸೋದು ಹೇಗ್ರೀ?

ಮೇಡಂ: ಪಿನ್ ಮಾಡಿದ ಮೆಸೇಜ್ ನೋಡಿ.

ತಾಳಿಕೋಟೆ: ಮಗಳಿಗೆ ಮಾತು ಬರಲ್ಲ. ಬಳಗದಲ್ಲಿ ಯಾರು ಬೇಕು ಅಂತ ಅವಳನ್ನು ಕೇಳೋದು ಹೇಗೆ?

ಇಳಕಲ್: ನನಗೆ 66 ವರ್ಷ. ಮಗನಿಗೆ 34. ಬುದ್ಧಿ ಬೆಳವಣಿಗೆ ಕಡಿಮೆ, ಫಿಟ್ಸ್ ಇದೆ. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತಾನೆ. ಹೋದ ತಿಂಗಳು ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದೆ. ಬೆಳಗಿನ ತನಕ ಅವನು ಹೊಸ್ತಿಲ ಮೇಲೆ ಕೂತಿದ್ದ. ಯಾರನ್ನು ಕರೆಯಬೇಕು ಅಂತ ಗೊತ್ತಾಗಿಲ್ಲ. ಪುಣೆಯಲ್ಲಿರುವ ಹಿರಿಮಗ, ಮನೆ ಮಾರಿ ಅವನನ್ನು ಹಾಸ್ಟೆಲ್‌ಗೆ ಬಿಡು ಅಂತಾನೆ.

ಮೇಡಂ: ಅವ್ವಾರೇ, ಆ ಹೊಸ್ತಿಲ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಮನೆ ಮಾರುವ ಮಾತು ಈಗ ಬೇಡ. ಒಂದು ಹಾಳೆ ತಗೊಂಡು ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರನ್ನು ಕಂಡರೆ ಅವನ ಮುಖ ಅರಳುತ್ತದೆ? ಅವನು ಒಂದು ದಿನ ಕಾಣದಿದ್ದರೆ ಯಾರು ವಿಚಾರಿಸುತ್ತಾರೆ? ಅವರ ಹೆಸರು ಬರೆಯಿರಿ. ಹಿರಿಮಗನೂ ಇರಲಿ, ದಿನಾ ರಾತ್ರಿ ಒಂದು ಫೋನ್ ಮಾಡಬಹುದಲ್ವಾ.

'ನನ್ನ ಮಗನನ್ನು ನೋಡಿಕೊಳ್ಳಿ' ಅಂತ ಕೇಳಬೇಡಿ, ಜನ ಹೆದರುತ್ತಾರೆ. ಒಬ್ಬರಿಗೆ ಒಂದೇ ಸಣ್ಣ ಕೆಲಸ ಕೊಡಿ. ಒಬ್ಬರ ಹತ್ತಿರ ಮನೆಯ ಇನ್ನೊಂದು ಕೀಲಿ. ಇನ್ನೊಬ್ಬರಿಗೆ ಗುಳಿಗೆಯ ಹೆಸರು, ಹೊತ್ತು. ಬೆಳಿಗ್ಗೆ ಎಂಟಾದರೂ ನಿಮ್ಮ ಬಾಗಿಲು ತೆರೆಯದಿದ್ದರೆ ಬಂದು ತಟ್ಟುವುದು ಮತ್ತೊಬ್ಬರ ಪಾಲು. ಮಗನಿಗೆ ಒಂದೇ ಮನೆ ತೋರಿಸಿ. ಕತ್ತಲಲ್ಲಿ ಅಲ್ಲಿಗೆ ಹೋಗಿ ಬಾಗಿಲು ಬಡಿಯುವುದನ್ನು ಹತ್ತು ಸಲ ಮಾಡಿಸಿ. ಇದನ್ನು ಈ ವಾರವೇ ಶುರು ಮಾಡಿ.

ಇನ್ನು ಕಾಗದಪತ್ರ. ಮಗನಿಗೆ 18 ತುಂಬಿದ ಮೇಲೆ ತಾಯಿ ತಾನಾಗಿಯೇ ಕಾನೂನಿನ ಪಾಲಕಿ (ಗಾರ್ಡಿಯನ್) ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ, ಡಿಸಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಹಾಗೆ ಗಾರ್ಡಿಯನ್ ಆಗಿ ನೇಮಕವಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ವರ್ಷಾವರ್ಷ ಲೆಕ್ಕ ಒಪ್ಪಿಸಬೇಕು. ಹಿರಿಮಗ ಗಾರ್ಡಿಯನ್ ಆದರೆ ಅವನಿಗೂ ಇದೇ ನಿಯಮ ಅಂತ ಹೇಳಿ.

ಬೀಳಗಿ: *ಫಾರ್ವರ್ಡ್* ಫಿಟ್ಸ್ ಬಂದರೆ ಮೂಗಿಗೆ ಈರುಳ್ಳಿ, ಕೈಗೆ ಕಬ್ಬಿಣದ ಕೀಲಿ. 41 ದಿನ ಬೂದುಗುಂಬಳ ರಸ ಕುಡಿಸಿ, ಗುಳಿಗೆ ಬಿಡಿಸಿ. ಹತ್ತು ಜನಕ್ಕೆ ಕಳಿಸಿ 🙏

ಮೇಡಂ: ಒಬ್ಬರಿಗೂ ಕಳಿಸಬೇಡಿ. ಗುಳಿಗೆ ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆ. ನಾನು ಕೀಲಿ ಕೊಡಿ ಅಂದದ್ದು ನೆರೆಯವರ ಕೈಗೆ!

ಮುಧೋಳ: ಹೊರಗಿನವರ ಕೈಗೆ ಮನೆ ಕೀಲಿನಾ? ಕೊನೆಗೆ ಆಗೋದು ರಕ್ತ ಸಂಬಂಧವೇ.

ಬಾದಾಮಿ: ನಮ್ಮ ತಮ್ಮನ ಹೊಲ ಬರೆಸಿಕೊಂಡದ್ದೂ ರಕ್ತ ಸಂಬಂಧವೇ ಅಣ್ಣಾರ.

ಮುಧೋಳ: ನಿಮ್ಮ ಮನೆ ಕತೆ ಎಲ್ಲರಿಗೂ ಹಚ್ಚಬೇಡಿ.

ಬಾದಾಮಿ: ನಿಮ್ಮ ಮಗನನ್ನು ನಿಮ್ಮ ಯಾವ ಸಂಬಂಧಿಕರು ಒಂದು ಜಾತ್ರೆಗಾದರೂ ಕರೆದುಕೊಂಡು ಹೋಗಿದ್ದಾರೆ?

ಮುಧೋಳ: ಅಡ್ಮಿನ್, ಇವರನ್ನು ಮೊದಲು ತೆಗೆಯಿರಿ.

ಸಿಂದಗಿ: ಯುಡಿಐಡಿ ಬಗ್ಗೆ ಸ್ವಲ್ಪ ಹೇಳಿ ಮೇಡಂ.

ಮೇಡಂ: ಪಿನ್. ಮೇಲೆ.

ಇಳಕಲ್: ಮಗನನ್ನು ಕೇಳಿದೆ. ಮೂಲೆಯ ಚಹಾ ಅಂಗಡಿ ಕಾಕಾ ಅಂದ. ಆ ಮನುಷ್ಯನ ಹೆಸರೂ ನನಗೆ ಗೊತ್ತಿಲ್ಲ.

ಮೇಡಂ: ಹಾಗಾದರೆ ಅಲ್ಲಿಂದಲೇ ಶುರು. ಭಾನುವಾರ ನಾಲ್ಕಕ್ಕೆ ನಾನೂ ಬರುತ್ತೇನೆ, ಅಂಗಡಿಯಲ್ಲೇ ಕೂರೋಣ. ಮಗ ಇರಲೇಬೇಕು.

ತಾಳಿಕೋಟೆ: ಮೇಡಂ, ನನ್ನ ಪ್ರಶ್ನೆ?

ಜಮಖಂಡಿ: ಪಿನ್ ಎಲ್ಲಿದೆ?